ಹೊರಗೋಡೆ

ಸೆಪ್ಟೆಂಬರ್ ಒಂದು, ಕಿರ್ಗಿಸ್ತಾನದಲ್ಲಿ ಶಾಲೆಗಳು ಶುರುವಾಗುವ ದಿನ. ಬೆಳಿಗ್ಗೆ ಶಾಲೆಯ ಎದುರಿನ ಪಾಪ್ಲರ್ ಮರದ ಕೆಳಗೆ ನಿಂತ ಕಲೀಪಾ ಎಜೆ ಅಲ್ಲಾಡಲೇ ಇಲ್ಲ. ಎಜೆ ಎಂದರೆ ಅಕ್ಕ; ಊರೆಲ್ಲ ಅವರನ್ನು ಕರೆಯುವುದೇ ಹಾಗೆ. ಬೇಸಿಗೆಯಿಡೀ ರಾಜಧಾನಿ ಬಿಶ್ಕೆಕ್‌ನಲ್ಲಿ ಮಗಳ ಮನೆಯಲ್ಲಿದ್ದು, ಎದೆಯ ಆಪರೇಷನ್ ಮಾಡಿಸಿಕೊಂಡು ಹಿಂದಿನ ಸಂಜೆಯಷ್ಟೇ ಊರಿಗೆ ಮರಳಿದ್ದರು. ಶಾಲೆಯ ರಿಪೇರಿ ಚೆನ್ನಾಗಿ ನಡೆದಿದೆ ಎಂದಷ್ಟೇ ಮಗಳು ಹೇಳಿದ್ದಳು. ಇಷ್ಟು ಚೆನ್ನಾಗಿ ಎಂದು ಅವರು ಎಣಿಸಿರಲಿಲ್ಲ. ತಲೆಮಾರುಗಳ ಕಲ್ಲಿದ್ದಲ ಮಸಿ ಹೋಗಿ ಇಟ್ಟಿಗೆ ಆಗಷ್ಟೇ ಒಲೆಯಿಂದ ತೆಗೆದ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಕಿಟಕಿಗಳ ಮೇಲಿನ ಬಿಳಿ ಕಮಾನುಗಳು, ಸೂರಿನಡಿಯ ಹಲ್ಲುಹಲ್ಲಾದ ಇಟ್ಟಿಗೆ ಸಾಲು, ಮೂಲೆಯಲ್ಲಿ ಎಂಟು ಮುಖದ ಗೋಪುರ, ಅದರ ನೆತ್ತಿಗೆ ಹಸಿರು ತಗಡಿನ ಟೋಪಿ. ಎಂದೋ ಉದುರಿದ್ದ ಹಲ್ಲುಗಳನ್ನೂ ಹೊಂದಿಸಿ ಕೂರಿಸಿದ್ದರು.

ಕಳೆದ ಚಳಿಗಾಲದಲ್ಲಿ, ಸೂರು ಸೋರುತ್ತಿದೆ, ಕಟ್ಟಡ ಕೆಡವುತ್ತಾರೆ ಎಂಬ ಸುದ್ದಿ ಹಬ್ಬಿದಾಗ ಊರಿನವರೆಲ್ಲ ಸಭೆ ಸೇರಿದ್ದರು. ಆ ಶಾಲೆಯಲ್ಲೇ ಚಿತ್ರಕಲೆ ಕಲಿಸಿ ನಿವೃತ್ತರಾದ ಎಜೆ ಅಂದು ಮೇಯರ್ ಎದುರಿಗೇ ಎದ್ದು ನಿಂತಿದ್ದರು. ಒಳಗೆ ನೆಲವೋ ಒಲೆಯೋ ಏನು ಬೇಕಾದರೂ ಬದಲಿಸಿಕೊಳ್ಳಿ, ಹೊರಗಿನ ಒಂದೇ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ ಎಂದಿದ್ದರು. ಸಭೆಯಿಡೀ ಚಪ್ಪಾಳೆ ತಟ್ಟಿತ್ತು. ಮೇಯರ್ ಕೂಡ.

ಬಿಳಿ ರಿಬ್ಬನ್ನಿನ ಹುಡುಗಿಯರು, ಇಸ್ತ್ರಿಯ ಗೆರೆ ಮುರಿಯದ ಪ್ಯಾಂಟಿನ ಹುಡುಗರು ಕೈತುಂಬ ಹೂ ಹಿಡಿದು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು. ತಾಯಂದಿರು ಫೋಟೋ ತೆಗೆಯುತ್ತಿದ್ದರು. ಆಮೇಲೆ ಯಾವ ಮಗುವೂ ಒಳಗೆ ಹೋಗುತ್ತಿರಲಿಲ್ಲ. ಎಲ್ಲರೂ ಇಳಿದು ಬಂದು ರಸ್ತೆ ಬದಿಯ ಬಾಡಿಗೆ ವ್ಯಾನುಗಳನ್ನು ಹತ್ತುತ್ತಿದ್ದರು. ಸಮಾರಂಭ ಬೇರೆಲ್ಲೋ ಇರಬೇಕು ಎಂದುಕೊಂಡು ಎಜೆ ರಸ್ತೆ ದಾಟಿದರು.

ಮೆಟ್ಟಿಲ ಬಳಿ ಮಿರ್ಲಾನ್ ಎದುರಾದ. ಒಂದು ಕಾಲಕ್ಕೆ ಅವರ ಶಿಷ್ಯ, ಈಗ ಈ ಕೆಲಸದ ಆರ್ಕಿಟೆಕ್ಟ್. ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಬೇಸಿಗೆಯಿಡೀ ಬಿಸಿಲಲ್ಲಿ ನಿಂತು ಮುಖ ಕಪ್ಪಿಟ್ಟಿತ್ತು.

"ನೋಡಿದ್ರಾ ಎಜೆ?" ಅಂದ. ಅವರ ಮುಖವನ್ನೇ ನೋಡುತ್ತ ಕಾದ.

ಕಣ್ಣು ತುಂಬಿ ಬಂದಿದ್ದರಿಂದ ಎಜೆ ಬರೀ ತಲೆಯಾಡಿಸಿದರು. ಅವನು ಒಂದೇ ಉಸಿರಿಗೆ ಹೇಳತೊಡಗಿದ. ಜಾಗ ಕೊಂಡವರು ಎಲ್ಲವನ್ನೂ ನೆಲಸಮ ಮಾಡಲು ಹೊರಟಿದ್ದರಂತೆ. ಇವನು ಜಗಳವಾಡಿದನಂತೆ, ಕೆಲಸ ಬಿಡುತ್ತೇನೆ ಎಂದು ಹೆದರಿಸಿದನಂತೆ. ಎಜೆ ಕೇಳಿದ್ದು ಇದೊಂದನ್ನೇ ಎಂದು ಮೇಯರ್ ಬಳಿಗೂ ಹೋಗಿ ಹೇಳಿದನಂತೆ. ಜಾಗ ಕೊಂಡವರು ಯಾರೆಂದು ಎಜೆಗೆ ತಿಳಿಯಲಿಲ್ಲ. ತಮ್ಮ ಕ್ಲಾಸ್ ರೂಮನ್ನೊಮ್ಮೆ ನೋಡಬೇಕು ಎಂದರು.

ಮಿರ್ಲಾನನ ಮಾತು ನಿಂತಿತು. "ನಿಮಗೆ ಯಾರೂ ಹೇಳ್ಲೇ ಇಲ್ವಾ?"

ಅವನು ಬಾಗಿಲು ತೆರೆದ. ಹೊಸ್ತಿಲಿನಾಚೆ ನೆಲವಿರಲಿಲ್ಲ. ಎರಡಾಳು ಆಳದ ಗುಂಡಿ, ತಳದಲ್ಲಿ ಕೆಸರು ನೀರು, ನೆಟ್ಟಗೆ ನಿಂತ ಕಬ್ಬಿಣದ ಸರಳುಗಳು. ಎಜೆ ಇಷ್ಟು ಹೊತ್ತು ನೋಡಿ ಹಿಗ್ಗಿದ ಗೋಡೆಗೆ ಒಳಗಿನಿಂದ ಓರೆಯಾಗಿ ಉಕ್ಕಿನ ತೊಲೆಗಳನ್ನು ಆನಿಸಿದ್ದರು. ತರಗತಿಗಳಿದ್ದ ಕಡೆ ಬೆಟ್ಟದ ಹಿಮ ಕಾಣುತ್ತಿತ್ತು. ಇಲ್ಲಿ ಹೋಟೆಲ್ಲು ಬರುತ್ತದೆ, ಕೆಳಗೆ ಕಾರು ನಿಲ್ಲಿಸುವ ಜಾಗ, ಗೋಪುರದಲ್ಲಿ ಚಹಾ ಕುಡಿಯುವ ಕೋಣೆ ಎಂದು ಅವನು ಮೆಲ್ಲಗೆ ಹೇಳಿದ. ಹೇಳುತ್ತಲೇ ಅವರು ಬೀಳದಂತೆ ತೋಳು ಹಿಡಿದುಕೊಂಡ.

"ಮಕ್ಕಳು?" ಎಂದರು ಎಜೆ.

ಉತ್ತರ ಹಿಂದಿನಿಂದ ಬಂತು. ಇದೇ ಗೇಟಿನೆದುರು ಸಮೋಸಾ ಮಾರುವ ಬುರುಲ್, ಎರಡನೇ ಕ್ಲಾಸಿನ ಮಗಳ ಕೈಹಿಡಿದು ಮೆಟ್ಟಿಲು ಹತ್ತಿ ಬಂದಿದ್ದಳು. "ಹೊಳೆ ಆಚೆ ಸ್ಕೂಲಿಗೆ ಸೇರಿಸಿದಾರೆ ಎಜೆ. ಅಲ್ಲಿ ಮೊದ್ಲೇ ಎರಡು ಪಾಳಿ ಇತ್ತು, ನಮ್ಮೋರಿಗೆ ಮೂರನೇದು. ನಾಳೆಯಿಂದ ಇವಳು ಮನೆ ಸೇರೋದು ಕತ್ತಲಾದ ಮೇಲೆ."

ಎಜೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಸಭೆಯಲ್ಲಿ ತಾವು ಹಾಗೆ ಅನ್ನಬಾರದಿತ್ತು ಎಂದೇನೋ ತೊದಲಿದರು.

"ನೀವು ಗೋಡೆ ಕೇಳಿದ್ರಿ, ಅವ್ರು ಗೋಡೆ ಕೊಟ್ರು," ಎಂದಳು ಬುರುಲ್. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಎಜೆಗೆ ಹಗುರವಾಗುತ್ತಿತ್ತೋ ಏನೋ. "ಚಪ್ಪಾಳೆ ಹೊಡೆದೋರಲ್ಲಿ ನಾನೂ ಇದ್ದೆ ಬಿಡಿ. ಬನ್ನಿ, ಮಗು ಪಕ್ಕ ನಿಂತ್ಕೊಳ್ಳಿ. ಇವಳಪ್ಪನ ಮೊದಲ್ನೇ ದಿನದ ಫೋಟೋದಲ್ಲೂ ನೀವೇ ಇದೀರಿ. ಅವ್ರು ದುಡಿಯೋಕೆ ಹೋಗಿರೋ ರಷ್ಯಾಗೆ ಕಳಿಸ್ತೀನಿ, ನೋಡ್ಕೊಳ್ಲಿ ಪಾಪ." ಫೋನು ಎತ್ತಿ ಹಿಡಿದವಳು ಮತ್ತೆ ಇಳಿಸಿದಳು. "ಮಿರ್ಲಾನ್, ಆ ಬಾಗಿಲು ಮುಚ್ಚಪ್ಪ. ಗುಂಡಿ ಕಾಣುತ್ತೆ."

ಅವನು ಮುಚ್ಚಿದ. ಎಜೆ ಮಗುವಿನ ಹೆಗಲ ಮೇಲೆ ಕೈಯಿಟ್ಟು ನಿಂತರು. ವ್ಯಾನಿನವನು ಹಾರ್ನ್ ಹೊಡೆದ. ತಾಯಿ ಮಗಳು ಓಡಿದರು. ಕೊನೆಯ ವ್ಯಾನೂ ಹೋದ ಮೇಲೆ ಬೀದಿ ರಜೆಯ ದಿನದಂತೆ ಬಿಕೋ ಎನ್ನತೊಡಗಿತು.

"ನಾನು ಬಿಟ್ಟಿದ್ರೆ ಇದೂ ಇರ್ತಿರ್ಲಿಲ್ಲ ಎಜೆ," ಎಂದ ಮಿರ್ಲಾನ್. "ನೀವೇ ಹೇಳಿ, ಏನ್ ಮಾಡ್ಬೇಕಿತ್ತು ನಾನು?" ಎಜೆ ಇಟ್ಟಿಗೆಯ ಮೇಲೆ ಕೈಯಾಡಿಸಿದರು. ಕೊನೆಗೆ, ಕೆಲಸ ಚೆನ್ನಾಗಿ ಮಾಡಿದ್ದೀಯ ಎಂದರು. ಅವನು ಮುಖ ಆಚೆ ತಿರುಗಿಸಿಕೊಂಡ.

ಅಷ್ಟರಲ್ಲಿ ಕಾವಲುಗಾರ ಹೊಸ ಬೋರ್ಡೊಂದನ್ನು ತಂದು ಬಾಗಿಲಿಗೆ ಒರಗಿಸಿ, ಮೊಳೆ ತೆಗೆದ. ಮಿರ್ಲಾನ್ ಅವನನ್ನು ತಡೆದ. ಹಳೆಯ ಮರಕ್ಕೆ ಮೊಳೆ ಹೊಡೆಯಕೂಡದೆಂದು ಹೇಳಿ, ತಂತಿಯಲ್ಲಿ ತಾನೇ ಕಟ್ಟತೊಡಗಿದ. "ಅಪಾಯ. ಮಕ್ಕಳಿಗೆ ಪ್ರವೇಶವಿಲ್ಲ" ಎಂದು ಅದರ ಮೇಲೆ ಕೆಂಪಕ್ಷರದಲ್ಲಿತ್ತು.

ಕಟ್ಟುತ್ತಲೇ ಅವನು ಕೇಳಿದ. "ನೇರ ಇದೆಯಾ ಎಜೆ?"

ಕಲೀಪಾ ಎಜೆ ಎರಡು ಮೆಟ್ಟಿಲು ಕೆಳಗಿಳಿದು, ಕಣ್ಣು ಕಿರಿದಾಗಿಸಿ ನೋಡಿದರು.

"ಎಡಗಡೆ," ಎಂದರು, "ಇನ್ನೊಂಚೂರು ಮೇಲಕ್ಕೆ."