ಎರಡು ಚೀಲ ಮಣ್ಣು

ಮಣ್ಣು ಪರೀಕ್ಷೆ ಮಾಡುವವಳು ಮನೆಯ ಪಡಸಾಲೆಯಲ್ಲಿ ಕೂತು ಮೊದಲ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು ಮೂಸಿ, ಹುಬ್ಬೇರಿಸಿದಳು. "ಇದು ಹೊಲದ್ದಾ, ಗೊಬ್ಬರದ ಗುಂಡಿಯದ್ದಾ?"

"ಹೊಲದ್ದೇ. ನನ್ನ ಅರ್ಧದ್ದು," ಎಂದಳು ಸೊಸೆ.

ಕೆಲವು ವರ್ಷಗಳಿಂದ ಒಂದೇ ಹೊಲದಲ್ಲಿ ಗಂಡನದೊಂದು ಬೇಸಾಯ, ಹೆಂಡತಿಯದೊಂದು. ಅವನು ಕೊಯ್ಲಾದ ಮೇಲೆ ಉಳಿದ ಕೂಳೆ ಸುಟ್ಟು ಯೂರಿಯಾ ಸುರಿಯುತ್ತಿದ್ದ. ಅವಳು ಕೂಳೆಯನ್ನು ಮಣ್ಣಿಗೇ ಸೇರಿಸಿ ಉತ್ತು, ಮನೆಯ ಗೊಬ್ಬರ ಹಾಕಿ, ಯೂರಿಯಾವನ್ನು ಅಡುಗೆಗೆ ಉಪ್ಪು ಹಾಕುವಂತೆ ಬೇಕಾದಾಗ ಬೇಕಾದಷ್ಟೇ ಹಾಕುತ್ತಿದ್ದಳು. ಯಾರ ಮಣ್ಣಿನಲ್ಲಿ ಅದಕ್ಕೆ ಸಾರ ಕೊಡುವ ಇಂಗಾಲ ಹೆಚ್ಚು ಉಳಿದಿದೆಯೋ, ಮುಂದಿನ ಬಿತ್ತನೆಗೆ ಇಡೀ ಹೊಲ ಅವರದು ಎಂದು ಪಂಥ. ಪಕ್ಷಪಾತ ಬೇಡವೆಂದು ಮಣ್ಣು ತುಂಬುವ ಕೆಲಸವನ್ನು ಅತ್ತೆಗೆ ಒಪ್ಪಿಸಿದ್ದರು.

ಅತ್ತೆ ಈಗ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಅತ್ತೆ?"

"ಅಲ್ಲ ಕಣೇ, ಫೋಟೋ ತೆಗೆಸೋವಾಗ ಮಗೂಗೆ ಮುಖ ತೊಳೆಸಲ್ವಾ? ಹೊರಗಿನವರ ಕೈಗೆ ಹೋಗೋ ಮಣ್ಣು, ನೋಡೋಕೆ ಚೆನ್ನಾಗಿರಲಿ ಅಂತ ಗುಂಡಿಯಿಂದಲೇ ತುಂಬಿದೆ."

ಗಂಡ ತೊಡೆ ತಟ್ಟಿ ನಕ್ಕ. "ಸಿಕ್ಕಿಬಿದ್ರಲ್ಲ ಅತ್ತೆ ಸೊಸೆ. ಹೊಲ ನಂದು."

ಪರೀಕ್ಷೆಯವಳು ಎರಡನೆಯ ಚೀಲ ಬಿಚ್ಚಿದಳು. ಅದೇ ಕಪ್ಪು, ಅದೇ ವಾಸನೆ. ನಡುವೆ ಒಂದು ಚೂರು ಮೊಟ್ಟೆ ಚಿಪ್ಪು. ಗಂಡನ ನಗು ಅರ್ಧಕ್ಕೇ ನಿಂತಿತು.

"ಅಮ್ಮಾ, ನಂದೂನಾ?"

"ಮತ್ತೆ? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಚ್ಚೋಕಾಗುತ್ತೇನೋ?"

ಮತ್ತೆ ಮಣ್ಣು ತೆಗೆಯಲು ಎಲ್ಲರೂ ಹೊಲಕ್ಕೆ ನಡೆದರು. ಈ ಸಲ ಗುದ್ದಲಿ ಗಂಡನ ಕೈಯಲ್ಲಿತ್ತು. ತನ್ನ ಅರ್ಧದಲ್ಲಿ ಎತ್ತಿ ಹಾಕಿದ. ಅದು ಠಣ್ ಎಂದು ಹಿಂದಕ್ಕೆ ನೆಗೆಯಿತು. ಇನ್ನೊಂದು ಏಟು, ಮತ್ತೊಂದು. ಒಂದು ಬಿಳಿಚಿದ ಹೆಂಟೆ ಎದ್ದಿತು, ಬೆರಳಿಗೆ ಒಡೆಯಲಿಲ್ಲ. ಬೆವರು ಒರೆಸಿಕೊಂಡು ಬದು ದಾಟಿ ಹೆಂಡತಿಯ ಅರ್ಧಕ್ಕೆ ಬಂದ. ಅಲ್ಲಿ ಮೊದಲ ಏಟಿಗೇ ಗುದ್ದಲಿ ಪೂರ್ತಿ ಇಳಿಯಿತು. ಎದ್ದ ಮಣ್ಣು ಅಂಗೈಯಲ್ಲಿ ತಾನಾಗಿ ಉದುರಿತು, ಬೇರಿನ ಎಳೆಗಳ ನಡುವಿನಿಂದ ಎರೆಹುಳು ಜಾರಿಕೊಂಡಿತು.

"ಫಲಿತಾಂಶಕ್ಕೆ ಒಂದು ವಾರ ಆಗುತ್ತೆ," ಎಂದಳು ಪರೀಕ್ಷೆಯವಳು, ಚೀಲಗಳ ಬಾಯಿ ಕಟ್ಟುತ್ತಾ.

ಗಂಡ ಅಂಗೈ ಕೊಡವಲೂ ಮರೆತು ತಾಯಿಯ ಕಡೆ ತಿರುಗಿದ.

"ಅಮ್ಮಾ, ಆ ಗುಂಡೀಲಿ ಗೊಬ್ಬರ ಇನ್ನೆಷ್ಟಿದೆ?"

"ಎರಡು ಕಣ್ಣಿಗೂ ಆಗುತ್ತೆ," ಎಂದರು ಅಮ್ಮ.