ಕೂಗುವವರು ಕಾಯಲಿ

ಶಶಿರೇಖಾ ಸಿಸ್ಟರ್ ತಲೆಯ ಚುರುಕಿನ ಬಗ್ಗೆ ಏನು ಹೇಳಲಿ! ಅವಳು ಡ್ಯೂಟಿಯಲ್ಲಿದ್ದರೆ ಯಮಧರ್ಮರಾಯನೂ ಕೋಣವನ್ನು ಗೇಟಿನಾಚೆ ಕಟ್ಟಿ, ಚೀಟಿ ಮಾಡಿಸಿ, ಬೆಂಚಿನ ಮೇಲೆ ಕೂತು ಕಾಯಬೇಕಿತ್ತು. ಊರಿಗೆ ಊರೇ ತುರ್ತು ವಾರ್ಡಿಗೆ ಬಂದು ಬಿದ್ದರೂ ಯಾರನ್ನು ಮೊದಲು ನೋಡಬೇಕೆಂದು ಅವಳಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಗೊತ್ತಾಗುತ್ತಿತ್ತು.

"ಕೂಗೋರಿಗೆ ಉಸಿರಿದೆ, ಅವ್ರು ಕಾಯ್ಲಿ. ಸುಮ್ನೆ ಬಿದ್ದಿರೋರ ಹತ್ರ ಮೊದ್ಲು ಓಡ್ರೇ" ಎಂದು ಹೊಸ ಹುಡುಗಿಯರನ್ನು ಗದರುತ್ತಿದ್ದಳು.

ಅವತ್ತು ಮದುವೆ ದಿಬ್ಬಣದ ಬಸ್ಸು ಮಗುಚಿ ವಾರ್ಡು ತುಂಬಿತ್ತು. ಆಗಲೇ ಅತ್ತೆಯ ಫೋನು ಬಂತು.

"ಮಗೂಗೆ ಜ್ವರ ಏರ್ತಾನೇ ಇದೆ ಕಣಮ್ಮ. ಕಿರುಚಿ ಕಿರುಚಿ ಅಳ್ತಿದೆ, ಬಂದ್ಬಿಡು."

ಶಶಿರೇಖಾ ಕಿವಿಗೊಟ್ಟಳು. ಆ ಅಳು ಏಳು ಕೆರೆಯಾಚೆಗೂ ಕೇಳುವಂತಿತ್ತು.

"ಅಷ್ಟು ಗಟ್ಟಿಯಾಗಿ ಅಳ್ತಿದಾಳಲ್ಲ ಅತ್ತೆ, ಏನೂ ಆಗಲ್ಲ. ಒದ್ದೆ ಬಟ್ಟೆ ಹಾಕ್ತಿರಿ. ಇಲ್ಲೊಬ್ರು ಪಿಟಕ್ ಅನ್ನದೆ ಬಿದ್ದಿದಾರೆ."

ಆ ಮನುಷ್ಯನನ್ನು ಅವಳು ಯಮನ ಕೈಯಿಂದಲೇ ಕಿತ್ತು ತಂದಳು. ಆಮೇಲೆ ಕೈ ತೊಳೆದು, ಆಟೋ ಹತ್ತುತ್ತಾ ಮನೆಗೆ ಫೋನ್ ಮಾಡಿದಳು.

"ಹೊರಟೆ ಅತ್ತೆ. ಹೇಗಿದಾಳೆ?"

"ನಿಧಾನಕ್ಕೇ ಬಾರಮ್ಮ." ಅತ್ತೆಯ ದನಿ ಹಗುರವಾಗಿತ್ತು. "ನೀನು ಹೇಳಿದ್ದೇ ಸರಿ. ಅಳು ಆಗ್ಲೇ ನಿಂತೋಯ್ತು. ಅಲುಗಾಡಿಸಿದ್ರೂ ಕಣ್ಣು ಬಿಡ್ತಿಲ್ಲ, ಅಂಥಾ ನಿದ್ದೆ."