ತೋಶೋ ಕರಡಿಗೆ ನಾಲ್ಕು ಹೂವು

ಬೀದಿ ಬಾಗಿಲಿಗೆ ಹಾಳೆ ಅಂಟಿಸಿ ಒಂದು ಗಂಟೆಯೂ ಆಗಿರಲಿಲ್ಲ, ಆಗಲೇ ಯಾರೋ ಅದರ ಪಕ್ಕ ನಾಲ್ಕು ಕಾರ್ನೇಷನ್ ಹೂವು ಸಿಕ್ಕಿಸಿ ಹೋಗಿದ್ದರು. ನಾಲ್ಕು ಎಂದರೆ ಸರಿಸಂಖ್ಯೆ. ಆ ಊರಿನಲ್ಲಿ ಬದುಕಿರುವವರಿಗಾದರೆ ಬೆಸ ಸಂಖ್ಯೆಯಲ್ಲಿ ಕೊಡುತ್ತಾರೆ, ಸರಿಸಂಖ್ಯೆ ಸತ್ತವರಿಗೆ. ಕನ್ನಡಕ ತರಲು ಮೇಲೆ ಹೋಗಿದ್ದ ಜಹಾರಿ ಇಳಿದು ಬಂದು ಹೂವನ್ನು ಎರಡು ಸಲ ಎಣಿಸಿದ.

ಅದು ಮಕ್ಕಳಿಗಾಗಿ ಅವನು ಬರೆದ ಚಿತ್ರಪುಸ್ತಕದ ಕೊನೆಯ ಪುಟ. ದೂರದಿಂದ ಹೇಗೆ ಕಾಣುತ್ತದೋ ನೋಡೋಣವೆಂದು ಅಂಟಿಸಿದ್ದ, ಅಷ್ಟೇ. ಆದರೆ ಯಾಂಬೋಲ್ ಊರಿನ ಬಾಗಿಲು, ಮರಗಳಿಗೆಲ್ಲ ಅಂಟಿಸುವ ಸಾವಿನ ಚೀಟಿಗಳನ್ನು ಮೂವತ್ತೊಂದು ವರ್ಷ ಅಚ್ಚಿಗೆ ಜೋಡಿಸಿದ ಕೈ ಅವನದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಸುಬಿನ ಗುಣ ಅದಕ್ಕಿಂತ ಗಟ್ಟಿ. ಸುತ್ತ ದಪ್ಪ ಕರಿ ಅಂಚು, ನಡುವೆ ಕಣ್ಣು ಮುಚ್ಚಿದ ಕರಡಿಯ ಮುಖ, ಕೆಳಗೆ ಎರಡು ಸಾಲು: 'ನಮ್ಮ ಪ್ರೀತಿಯ ತೋಶೋ ದೀರ್ಘ ನಿದ್ರೆಗೆ ಜಾರಿದನು. ಅವನ ಜೇನಿನ ಡಬ್ಬಿ ಅನಾಥವಾಗಿದೆ.'

ಮೂರನೇ ಮಹಡಿಯ ದಾಮ್ಯಾನ್ ಟೋಪಿ ತೆಗೆದು ನಿಂತಿದ್ದ.

"ಒಳ್ಳೆ ಮನುಷ್ಯ. ನಾವಿಬ್ರೂ ಒಟ್ಟಿಗೆ ಸೈನ್ಯದಲ್ಲಿದ್ವಿ. ಕಾಯಿಲೆ ಬಿದ್ಮೇಲೆ ಗಡ್ಡ ಬಿಟ್ಟಿದ್ದ ಅಂತ ಕಾಣತ್ತೆ, ಗುರುತೇ ಸಿಗಲ್ಲ."

ಅದು ಕರಡಿ ಎಂದು ಜಹಾರಿ ಹೇಳಿದ.

"ಹೌದಪ್ಪ. ಆಗ್ಲೂ ಹಾಗೇ ಇದ್ದ," ಎಂದು ದಾಮ್ಯಾನ್ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಎದುರುಮನೆಯ ಪೆನಕ್ಕ ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಗೆ ಸಕ್ಕರೆಪುಡಿ ಉದುರಿಸಿ ತಟ್ಟೆ ಹಿಡಿದು ಬಂದಳು. ಹೂವು ಅವಳದೇ. ಮಣ್ಣು ಯಾವಾಗ ಎಂದು ಕೇಳಿದಳು. ಜಹಾರಿ ತಟ್ಟೆಗೆ ಕೈ ಅಡ್ಡ ಹಿಡಿದ. ಕರಡಿ ಸತ್ತಿಲ್ಲ, ಚಳಿಗಾಲಕ್ಕೆ ಮಲಗಿದೆ, ಅಷ್ಟೇ ಕಥೆ ಎಂದ. ಕೊನೆ ಪುಟ ನೋಡಿ ಮಕ್ಕಳು ಅಳುತ್ತವೆ ಎಂದು ಪ್ರಕಾಶಕರು ಎರಡು ಸಲ ವಾಪಸ್ ಕಳಿಸಿದ್ದಾರೆ, ಮೂರನೆಯದೇ ಕಡೆಯ ಸಲ ಅಂದಿದ್ದಾರೆ, ಇವತ್ತು ಐದು ಗಂಟೆಯೊಳಗೆ ಅಂಚೆಗೆ ಹಾಕದಿದ್ದರೆ ಅದೂ ಇಲ್ಲ ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿಕೊಂಡ.

ಪೆನಕ್ಕ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿದಳು.

"ಎದ್ದೇಳ್ತಾನೆ ಅಂತ ಎಲ್ಲಿ ಬರ್ದಿದೀಯ?"

"ಅದು ಎಲ್ರಿಗೂ ಗೊತ್ತಿರೋದೇ ಅಲ್ವಾ, ಪೆನಕ್ಕ?"

"ನಂಗೇ ಗೊತ್ತಾಗ್ಲಿಲ್ಲ. ಗೋಧಿ ಬೇಯಿಸ್ಕೊಂಡು ಬಂದಿದೀನಿ."

ಜಹಾರಿ ಹಾಳೆ ಕಿತ್ತುಕೊಂಡು ಮೆಟ್ಟಿಲ ಮೇಲೆ ಕೂತ. ಪೆನ್ಸಿಲ್ ಹಿಡಿದೊಡನೆ ಕೈ ತಾನಾಗಿಯೇ 'ಸದಾ ನಮ್ಮ ನೆನಪಿನಲ್ಲಿ' ಎಂದು ಬರೆಯಿತು. ಉಜ್ಜಿ ಅಳಿಸಿದ. ಮತ್ತೆ ಅದನ್ನೇ ಬರೆಯಿತು. ಒಬ್ಬರು ಎದ್ದು ಬರುತ್ತಾರೆ ಎಂದು ಬರೆಯುವ ಕೆಲಸ ಈ ಮೂವತ್ತೊಂದು ವರ್ಷದಲ್ಲಿ ಯಾರೂ ಅವನಿಗೆ ಕೊಟ್ಟಿರಲಿಲ್ಲ. ಹೆಂಡತಿಯ ಸಾವಿನ ಚೀಟಿಯನ್ನೂ ಅವನೇ ಜೋಡಿಸಿದ್ದ, ಒಂದು ತಪ್ಪಿಲ್ಲದೆ. ಅದು ನೆನಪಾಗಿ ಅಲ್ಲೇ ಅತ್ತುಬಿಟ್ಟ. ಪೆನಕ್ಕ ಒಂದು ಚಮಚ ಗೋಧಿ ಅವನ ಬಾಯಿಗಿಟ್ಟಳು.

ಕೊನೆಗೆ ಬರೆದ: 'ಹಿಮ ಕರಗಿದಾಗ ಎದ್ದು ಬರುತ್ತಾನೆ. ತುಂಬ ಹಸಿದಿರುತ್ತಾನೆ. ಜೇನು ತೆಗೆದಿಡಿ.' ಕರಿ ಅಂಚನ್ನು ಕತ್ತರಿಸಿ ಎಸೆದ. ಪುಟ ಉಳಿದವುಗಳಿಗಿಂತ ಎರಡು ಬೆರಳು ಚಿಕ್ಕದಾಯಿತು.

ದಾಮ್ಯಾನ್ ಬಗ್ಗಿ ಓದಿ, "ಸದ್ಯ, ಬದುಕ್ಕೊಂಡ," ಎಂದು ಟೋಪಿ ಹಾಕಿಕೊಂಡ.

ಪೆನಕ್ಕ ಬಾಗಿಲ ಬಳಿ ಹೋಗಿ ನಾಲ್ಕು ಹೂವಿನಲ್ಲಿ ಒಂದನ್ನು ಕಿತ್ತಳು. ಕರಡಿಗೆ ಮೂರು ಉಳಿದವು. ಕಿತ್ತದ್ದನ್ನು ಎಲ್ಲಿಡುವುದೆಂದು ಅತ್ತಿತ್ತ ನೋಡಿ, ಜಹಾರಿಯ ಕೋಟಿನ ಜೇಬಿಗೆ ಸಿಕ್ಕಿಸಿದಳು.

"ಒಂದೂ ಬೆಸಾನೇ," ಎಂದಳು. "ಏಳು, ಅಂಚೆ ಕಚೇರಿ ಮುಚ್ಚತ್ತೆ."